ನಾಲ್ಕು ಗಂಟೆಯ ನಾಲಿಗೆ

ನಾನು ಮಲ್ಲಿಗೆ ಮುಡಿದು ಹದಿನಾಲ್ಕು ವರ್ಷವಾಯಿತು. ವ್ರತ ಅಲ್ಲ, ಹರಕೆಯೂ ಅಲ್ಲ. ಸಕಲೇಶಪುರದಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡುವುದು ನನ್ನ ಕೆಲಸ. ಬೆಳೆಗಾರರು ತಂದ ಕಾಫಿಯ ಸ್ಯಾಂಪಲನ್ನು ಹುರಿದು, ಪುಡಿ ಮಾಡಿ, ಐದೈದು ಲೋಟಗಳಿಗೆ ಹಾಕಿ, ಬಿಸಿನೀರು ಸುರಿದು, ಚಮಚದಲ್ಲಿ ಸೊರ್ ಎಂದು ಎಳೆದು, ಬಾಯೆಲ್ಲ ಆಡಿಸಿ ಉಗಿಯಬೇಕು. ಉಗಿದ ಮೇಲೆ ಒಂದು ಹಾಳೆಯಲ್ಲಿ ಅದರ ಯೋಗ್ಯತೆ ಬರೆಯಬೇಕು. ನಾವು ವರ್ಷವೆಲ್ಲ ಒದ್ದಾಡಿ ಬೆಳೆದದ್ದನ್ನು ನೀವು ಹತ್ತು ಸೆಕೆಂಡು ಬಾಯಲ್ಲಿಟ್ಟು ಉಗೀತೀರಲ್ಲ ಎಂದು ಬೆಳೆಗಾರರೊಬ್ಬರು ತಮಾಷೆ ಮಾಡಿದ್ದರು. ನಾನೂ ನಕ್ಕಿದ್ದೆ.

ಈ ಕೆಲಸಕ್ಕೆ ಬಾಯಿ ಕಟ್ಟಬೇಕು. ಬೆಳ್ಳುಳ್ಳಿ ಇಲ್ಲ, ಹಸಿ ಈರುಳ್ಳಿ ಇಲ್ಲ, ಉಪ್ಪಿನಕಾಯಿ, ಸೂಜಿಮೆಣಸು, ಎಲೆ ಅಡಿಕೆ ಯಾವುದೂ ಇಲ್ಲ. ಮೂಗನ್ನೂ ಕಟ್ಟಬೇಕು. ಮುಡಿಗೆ ಹೂವಿಲ್ಲ, ಮುಖಕ್ಕೆ ಪೌಡರ್ ಇಲ್ಲ, ದೇವರಿಗೆ ಊದುಬತ್ತಿ ಇಲ್ಲ, ಬರೀ ದೀಪ. ಭಾನುವಾರ ಏನಾದರೂ ತಿನ್ನಬಹುದಲ್ಲ ಅನ್ನುತ್ತಾರೆ. ಭಾನುವಾರದ ಬೆಳ್ಳುಳ್ಳಿ ಸೋಮವಾರವೂ ಬಾಯಲ್ಲಿ ಕೂತಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಎಲ್ಲ ರುಚಿಕಾರರೂ ಇಷ್ಟು ಕಟ್ಟುನಿಟ್ಟಾಗಿ ಇರುವುದಿಲ್ಲ, ಅದೂ ನಿಜ. ನಮ್ಮಲ್ಲಿ ನನಗಿಂತ ಮೊದಲು ಇದ್ದವರು ಮಧ್ಯಾಹ್ನ ಬೀಡಿ ಸೇದಿ ಬಂದು ರುಚಿ ನೋಡುತ್ತಿದ್ದರಂತೆ. ನನಗೆ ಅಂಥದ್ದು ಆಗುವುದಿಲ್ಲ. ನಾನು ಬಿಟ್ಟಷ್ಟೂ ಗಟ್ಟಿಯಾಗುತ್ತೇನೆ ಅಂದುಕೊಂಡವಳು. ಒಂದೊಂದು ತಿನಿಸು ಬಿಟ್ಟಾಗಲೂ ಒಂದು ಮೆಟ್ಟಿಲು ಹತ್ತಿದಷ್ಟು ಹೆಮ್ಮೆ.

ಆ ಹೆಮ್ಮೆಗೆ ಜೊತೆಯಲ್ಲಿ ಊಟಕ್ಕೆ ಕೂರುವವರು ಮಾತ್ರ ಯಾರೂ ಉಳಿಯಲಿಲ್ಲ. ನಮ್ಮ ಕಡೆ ಹಬ್ಬದ ಮನೆಯಲ್ಲಿ ಕಡುಬು, ಕೋಳಿಸಾರು ಬಡಿಸುವಾಗ ನಾನು ಕಡುಬಿಗೆ ಮೊಸರು ಹಾಕಿಸಿಕೊಂಡು ಕೂತರೆ ಮನೆಯವರಿಗೆ ಹೇಗಾಗಬೇಡ? ಮೊದಲು ಕಾರಣ ಕೇಳಿದರು, ಆಮೇಲೆ ಬೇಜಾರು ಮಾಡಿಕೊಂಡರು, ಆಮೇಲೆ ಕರೆಯುವುದನ್ನೇ ಕಡಿಮೆ ಮಾಡಿದರು. ನೋಡಲು ಬಂದ ಒಂದೆರಡು ಗಂಡುಗಳ ಮನೆಯವರು ಬೋಳು ಮುಡಿಯ ಹುಡುಗಿಯನ್ನು ಕಂಡು ಕಾಫಿ ಕುಡಿದು ಎದ್ದು ಹೋದರು. ಆ ಕಾಫಿ ಚೆನ್ನಾಗಿತ್ತು, ನಾನೇ ಮಾಡಿದ್ದು. ಈಗ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಹೇಮಾವತಿ ಹೊಳೆ ಕಾಣುವ ಕಿಟಕಿ ಇದೆ, ಅದರ ಹತ್ತಿರ ಕೂತು ಮೊಸರನ್ನ ತಿನ್ನುತ್ತೇನೆ.

ಈ ಮೂಗು, ಈ ನಾಲಿಗೆ ನನಗೆ ಬಂದದ್ದು ದೊಡ್ಡಮ್ಮನಿಂದ. ನನ್ನ ಊರು ಆಲೂರು ಕಡೆ. ಅಮ್ಮ ತೀರಿಕೊಂಡ ಮೇಲೆ ಅವಳ ಅಕ್ಕ, ನನ್ನ ದೊಡ್ಡಮ್ಮ, ನನ್ನನ್ನು ಹೆಗ್ಗದ್ದೆ ಕಡೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳಿಗೆ ಮಕ್ಕಳಿರಲಿಲ್ಲ. ಹೈಸ್ಕೂಲು ಮುಗಿಯುವ ತನಕ ನಾನು ಅಲ್ಲೇ ಬೆಳೆದೆ. ನಾಲ್ಕೈದು ಎಕರೆ ಅರೇಬಿಕಾ ತೋಟ, ಕಣದ ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಒಂದು ಪಲ್ಪರು, ಅದರ ಕೆಳಗೆ ಸಿಮೆಂಟಿನ ತೊಟ್ಟಿ. ಹಣ್ಣಿನ ಸಿಪ್ಪೆಯನ್ನು ಪಲ್ಪರಿನಲ್ಲಿ ಬಿಡಿಸಿದ ಮೇಲೆ ಬೀಜದ ಮೇಲೊಂದು ಲೋಳೆ ಉಳಿಯುತ್ತದೆ. ರಾತ್ರಿಯೆಲ್ಲ ತೊಟ್ಟಿಯಲ್ಲಿ ಬಿಟ್ಟರೆ ಅದು ಕಳಚಿಕೊಳ್ಳುತ್ತದೆ. ಬೇಗ ತೊಳೆದರೆ ಲೋಳೆ ಹೋಗುವುದಿಲ್ಲ, ತಡವಾಗಿ ತೊಳೆದರೆ ಕಾಫಿ ಹುಳಿ ತಿರುಗುತ್ತದೆ. ತೊಳೆಯುವ ಹೊತ್ತು ಯಾವುದು ಎಂದು ಹೇಳುವುದು ದೊಡ್ಡಮ್ಮನ ಕೆಲಸವಾಗಿತ್ತು.

ಬೆಳಕು ಹರಿಯುವ ಮೊದಲು ಎದ್ದು ತೊಟ್ಟಿಗೆ ಮೊಣಕೈ ತನಕ ಕೈ ಇಳಿಸುತ್ತಿದ್ದಳು. ಒಂದು ಹಿಡಿ ಬೀಜ ಹಿಡಿದು ಹಿಸುಕಿದರೆ ಜರ್ ಜರ್ ಎನ್ನಬೇಕು. ಆಮೇಲೆ ಅಂಗೈಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದಳು. ನನ್ನ ಕೈಯನ್ನೂ ಹಿಡಿದು ತೊಟ್ಟಿಗೆ ಇಳಿಸಿ, ನನ್ನ ಮೂಗಿಗೇ ಹಿಡಿಯುತ್ತಿದ್ದಳು.

“ಹೆಂಗೈತೆ ಹೇಳು?”

“ಬೆಲ್ಲದ್ ಥರ.”

“ಹೂಂ. ಇನ್ನೊಂಚೂರು ಬುಟ್ರೆ ಹುಳಿ ತಿರುಗ್ತದೆ. ಆ ಒಂಚೂರು ಎಷ್ಟು ಅಂತ ಗಡಿಯಾರ ಹೇಳಲ್ಲ ಕಣ್ಮಗ, ಮೂಗು ಹೇಳ್ಬೇಕು.”

ಅಕ್ಕಪಕ್ಕದ ತೋಟದವರೂ ಅವಳನ್ನು ಕರೆಯಲು ಬರುತ್ತಿದ್ದರು. ಒಂದು ಸಲ ಬಂದು ನಮ್ಮ ತೊಟ್ಟಿ ನೋಡ್ಬುಟ್ಟು ಹೋಗಿ ಅಂತ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ಒಡವೆ ಇಲ್ಲ, ಹೇಳಿಕೊಳ್ಳುವಂಥ ಆಸ್ತಿಯೂ ಇಲ್ಲ. ಆದರೆ ಆ ಸುತ್ತಿನಲ್ಲಿ ಅವಳ ಮೂಗಿಗೆ ಒಂದು ಗೌರವವಿತ್ತು, ಅದು ಅವಳಿಗೂ ಗೊತ್ತಿತ್ತು. ನಡೆಯುವಾಗ ಕತ್ತು ಸ್ವಲ್ಪ ಎತ್ತಿಕೊಂಡೇ ನಡೆಯುತ್ತಿದ್ದಳು. ನನಗೆ ಈ ಕೆಲಸ ಸಿಕ್ಕಾಗ ಅವಳು ಊರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: ನಮ್ಮ ಹುಡುಗಿ ನಾಲಿಗೆಗೆ ಸಂಬಳ ಕೊಡ್ತಾರಂತೆ.

ಈ ಕೆಲಸದಲ್ಲಿ ಒಂದು ವಿಷಯವನ್ನು ನಾನು ಬಹಳ ತಡವಾಗಿ ಗಮನಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಮೇಜಿನ ಮುಂದೆ ನಿಂತಾಗ ನಾನು ಬಹಳ ಬುದ್ಧಿವಂತೆ. ಇದು ಬೇಕು, ಇದು ಬೇಡ, ಇದಕ್ಕೆ ಇನ್ನೊಂದು ಅವಕಾಶ ಕೊಡೋಣ ಎಂದೆಲ್ಲ ಯೋಚಿಸುತ್ತೇನೆ. ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ಹೊರಟ ಅದೇ ಹೆಂಗಸು ತರಕಾರಿ ಅಂಗಡಿಯ ಮುಂದೆ ಹೀರೇಕಾಯಿಯೋ ಬೀನ್ಸೋ ಎಂದು ತೀರ್ಮಾನಿಸಲಾಗದೆ ನಿಂತಿರುತ್ತಾಳೆ. ಎಷ್ಟೋ ದಿನ ಏನೂ ತೆಗೆದುಕೊಳ್ಳದೆ ಮನೆಗೆ ಬಂದದ್ದಿದೆ. ಆ ಹೊತ್ತಿಗೇ ಸರಿಯಾಗಿ ದೊಡ್ಡಮ್ಮನ ಫೋನು ಬರುತ್ತಿತ್ತು. ಏನು ತಿಂದೆ, ಮಳೆ ಬಂತಾ, ಆನೆ ಈ ಕಡೆ ಬಂದಾವೆ ಹುಷಾರು, ಹೀಗೆ. ನಾನು ಹೂಂ, ಹೂಂ ಎನ್ನುತ್ತಿದ್ದೆ. ಇಡೀ ದಿನ ಬೇರೆಯವರ ಮುಂದೆ ತಾಳಿಕೊಂಡು ಮಾತಾಡಿದವಳಿಗೆ ನನ್ನವಳೊಬ್ಬಳ ಜೊತೆ ಐದು ನಿಮಿಷ ಮಾತಾಡಲು ಚೈತನ್ಯ ಇರುತ್ತಿರಲಿಲ್ಲ. “ಸುಸ್ತಾ? ಆಯ್ತು ಮಲ್ಕೊ” ಎಂದು ಅವಳೇ ಇಡುತ್ತಿದ್ದಳು. ಇಟ್ಟ ಮೇಲೆ ಮನೆ ಎಷ್ಟು ಖಾಲಿ ಅನ್ನಿಸುತ್ತಿತ್ತೆಂದರೆ, ತಿರುಗಿ ಫೋನು ಮಾಡೋಣ ಅಂದುಕೊಳ್ಳುತ್ತಿದ್ದೆ. ಮಾಡುತ್ತಿರಲಿಲ್ಲ.

ದಣಿದ ಮನಸ್ಸು ಸಡಿಲವಾಗುತ್ತದೆ, ಎಲ್ಲವನ್ನೂ ಹೋಗಲಿ ಅನ್ನುತ್ತದೆ ಎಂದೇ ನಾನು ತಿಳಿದಿದ್ದೆ. ನನ್ನ ಮಟ್ಟಿಗೆ ಅದು ತಪ್ಪು. ದಣಿದಾಗ ನಾನು ಬಿಗಿಯಾಗುತ್ತೇನೆ. ಏನು ಕೇಳಿದರೂ ಬೇಡ. ಬೇಡ ಅನ್ನುವುದಕ್ಕೆ ಯೋಚನೆ ಬೇಕಿಲ್ಲ, ಹೌದು ಅನ್ನುವುದಕ್ಕೆ ಬೇಕು. ಇರಲಿ, ಇನ್ನೊಂದು ಸಲ ನೋಡೋಣ ಅನ್ನುವುದಕ್ಕಂತೂ ಎಲ್ಲಕ್ಕಿಂತ ಹೆಚ್ಚು ಬೇಕು. ನನ್ನ ಬೇಡವನ್ನು ನಾನು ಶಿಸ್ತು ಎಂದು ಕರೆದುಕೊಂಡು ಬಂದಿದ್ದೆ. ವರ್ಕ್ಸಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಆ ದಿನ ಜನವರಿ ಕೊನೆ. ಕುಯ್ಲಿನ ಕಾಲ, ದಿನಾ ಹೊಸ ಲಾಟುಗಳು ಬರುತ್ತಿದ್ದವು. ನಮ್ಮ ವರ್ಕ್ಸಿನವರು ಆ ವರ್ಷ ಸಣ್ಣ ಬೆಳೆಗಾರರ ಒಳ್ಳೆಯ ಕಾಫಿಯನ್ನು ಬೇರೆ ತೆಗೆದು, ಬೆಳೆದವರ ಹೆಸರಿನಲ್ಲೇ ಹೊರದೇಶಕ್ಕೆ ಕಳಿಸಲು ಶುರು ಮಾಡಿದ್ದರು. ಆರಿಸುವುದು ನನ್ನ ಪಾಲಿಗೆ ಬಂದಿತ್ತು. ಯಾರ ಕಾಫಿ ಎಂದು ನನಗೆ ಗೊತ್ತಾಗಬಾರದೆಂದು ಸ್ಯಾಂಪಲುಗಳ ಮೇಲೆ ಬರೀ ನಂಬರು ಇರುತ್ತಿತ್ತು. ಆರಿಸದೆ ಬಿಟ್ಟದ್ದು ಎಲ್ಲರ ಕಾಫಿಯ ಜೊತೆ ರಾಶಿಗೆ ಸೇರುತ್ತಿತ್ತು, ಯಾಕೆ ಬಿಟ್ಟೆವೆಂದು ಬರೆದ ಹಾಳೆಯ ಒಂದು ಪ್ರತಿ ಬೆಳೆಗಾರರ ಕೈಸೇರುತ್ತಿತ್ತು.

ಬೆಳಿಗ್ಗೆಯೇ ದೊಡ್ಡ ಎಸ್ಟೇಟಿನವರೊಬ್ಬರು ಬಂದು, ನಮ್ಮ ಕಾಫಿಗೆ ಕಡಿಮೆ ಅಂಕ ಕೊಡಲು ನೀವು ಯಾರು ಎಂದು ಅರ್ಧ ಗಂಟೆ ಕೂಗಾಡಿದ್ದರು. ನಾನು ಕೈಕಟ್ಟಿಕೊಂಡು ನಿಂತು, ಆಯ್ತು ಸರ್, ನೋಡ್ತೀನಿ ಸರ್ ಅಂದಿದ್ದೆ. ಮಧ್ಯಾಹ್ನ ಆಫೀಸಿನವರೊಬ್ಬರು ಮನೆ ಒಕ್ಕಲಿನ ಹೋಳಿಗೆ, ಚಿತ್ರಾನ್ನ ತಂದಿದ್ದರು. ಮೂರು ಸಲ ಕೊಡಲು ಬಂದರು, ಮೂರು ಸಲವೂ ನಗುತ್ತಾ ಬೇಡ ಅಂದೆ. ನಾಲ್ಕನೆಯ ಸಲ ಅವರೇ ಮುಖ ತಿರುಗಿಸಿಕೊಂಡು ಹೋದರು. ಹೋಳಿಗೆಯ ವಾಸನೆ ಎರಡು ಗಂಟೆಯ ತನಕ ಆಫೀಸಿನಲ್ಲೇ ಇತ್ತು. ನನಗೆ ಹಸಿವಾಗಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಬಾಯಿ ಮುಕ್ಕಳಿಸಿ ಮತ್ತೆ ಮೇಜಿಗೆ ಹೋದೆ.

ಸಾಮಾನ್ಯವಾಗಿ ದಿನಕ್ಕೆ ಎರಡು ಮೇಜಿನಷ್ಟು ಸ್ಯಾಂಪಲು. ಹೆಚ್ಚೆಂದರೆ ಮೂರು, ಆವತ್ತು ಮೂರೂ ಆಗಿತ್ತು. ನಾಲ್ಕು ಗಂಟೆಗೆ ನಾನು ಚಮಚ ತೊಳೆದಿಡುವಾಗ ಮ್ಯಾನೇಜರು ಬಾಗಿಲಲ್ಲಿ ನಿಂತರು.

“ಮೇಡಂ, ನಾಳೆ ಕಾಫಿ ಕೊಳ್ಳೋ ಹೊರಗಿನವರು ಬರ್ತಿದ್ದಾರೆ. ಇನ್ನೊಂದು ಮೇಜು ಮುಗಿಸಿಬಿಟ್ರೆ ಲಿಸ್ಟ್ ಕೊಟ್ಟುಬಿಡಬಹುದು. ನಿಮಗೇನು, ಆರು ಸ್ಯಾಂಪಲ್ ಅಷ್ಟೆ.”

ಆಗಲ್ಲ ಸರ್, ಈಗ ನನ್ನ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ ಅನ್ನಬೇಕಿತ್ತು. ಬಾಯಿ ಬಿಟ್ಟರೆ ಹೊರಬಂದದ್ದು, ಆಯ್ತು ಸರ್.

ಆರರಲ್ಲಿ ನಾಲ್ಕನೆಯದು ನಿಜವಾಗಿ ಕೆಟ್ಟಿತ್ತು. ಚಮಚ ಹತ್ತಿರ ತರುವ ಮೊದಲೇ ಹಳಸಿದ ವಾಸನೆ. ಒಳ್ಳೆಯ ಅರೇಬಿಕಾದಲ್ಲೂ ಒಂದು ಹುಳಿ ಇರುತ್ತದೆ, ಕಿತ್ತಳೆ ತೊಳೆಯ ಹುಳಿ, ಅದು ಬೇಕಾದದ್ದು. ಇದು ಬೇರೆ. ತೊಟ್ಟಿಯಲ್ಲಿ ಹೊತ್ತು ಮೀರಿದ ಕಾಫಿಯ ಹುಳಿ ಗಂಟಲಿಗೆ ಅಂಟುತ್ತದೆ. ಅದನ್ನು ಉಗಿದು ಐದನೆಯ ಸ್ಯಾಂಪಲಿಗೆ ಹೋದೆ. ಮೊದಲ ಲೋಟದಲ್ಲೂ ಅದೇ ಹುಳಿ ಸಣ್ಣಗೆ ಇದೆ ಅನ್ನಿಸಿತು. ಎರಡನೆಯದರಲ್ಲಿ ಇರಬಹುದು, ಇಲ್ಲದಿರಬಹುದು. ಇಂಥ ಹೊತ್ತಿನಲ್ಲಿ ಬಾಯಿ ತೊಳೆದು, ಹತ್ತು ನಿಮಿಷ ಹೊರಗೆ ನಿಂತು ಬರಬೇಕು ಎಂದು ಹೊಸಬರಿಗೆ ಹೇಳಿಕೊಡುವವಳು ನಾನೇ. ಅದೂ ಆಗದಿದ್ದರೆ ಹಾಳೆಯಲ್ಲಿ ‘ಮತ್ತೊಮ್ಮೆ’ ಎಂಬ ಒಂದು ಚೌಕವಿದೆ, ಅಲ್ಲಿ ಗುರುತು ಹಾಕಿದರೆ ಸಾಕು. ಆದರೆ ಮತ್ತೊಮ್ಮೆ ಅಂದರೆ ಮತ್ತೆ ಹುರಿಯಬೇಕು, ಮತ್ತೆ ಐದು ಲೋಟ, ಮತ್ತೆ ತೀರ್ಮಾನ. ಮೂರನೆಯ ಲೋಟವನ್ನು ಬಾಯಿಗಿಡುವಾಗಲೇ ಕೈ ಪೆನ್ನಿಗೆ ಹೋಗಿತ್ತು. ಬೇಡ ಎಂದು ಗೀಟು ಹಾಕಿದೆ. ಕಾರಣದ ಜಾಗದಲ್ಲಿ ಬರೆದೆ: ಹುಳಿ ಇದೆ. ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಡಲಾಗಿದೆ. ಕೆಲಸದಲ್ಲಿ ಅಜಾಗರೂಕತೆ.

ಕೊನೆಯ ಆ ಮೂರನೆಯ ವಾಕ್ಯ ಯಾಕೆ ಬರೆದೆ? ಅದನ್ನು ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಕೂಗಾಡಿದವರಿಗೆ, ಮ್ಯಾನೇಜರಿಗೆ ಹೇಳಬೇಕಿದ್ದ ಸಿಟ್ಟೆಲ್ಲ ಎದುರು ಮಾತಾಡಲಾರದ ಐದು ಲೋಟಗಳ ಮೇಲೆ ಹೋಯಿತು. ಬರೆದಾಗ ಹಾಯೆನಿಸಿತು, ಅದನ್ನೂ ಹೇಳಿಬಿಡುತ್ತೇನೆ. ದಿನವಿಡೀ ತಡೆದುಕೊಂಡಿದ್ದದ್ದು ಆ ಸಾಲಿನಲ್ಲಿ ಸಲೀಸಾಗಿ ಹೊರಬಂದಿತ್ತು. ಆರನೆಯದನ್ನೂ ಮುಗಿಸಿ ಮನೆಗೆ ಹೋಗಿ ಮಲಗಿದೆ.

ಎರಡು ವಾರದ ಮೇಲೆ ಒಂದು ಭಾನುವಾರ ಹೆಗ್ಗದ್ದೆ ಬಸ್ಸು ಹತ್ತಿ ದೊಡ್ಡಮ್ಮನ ಮನೆಗೆ ಹೋದೆ. ಕಣದಲ್ಲಿ ಕಾಫಿ ಒಣಗುತ್ತಿತ್ತು. ದೊಡ್ಡಪ್ಪ ಜಗುಲಿಯಲ್ಲಿ ಕೂತಿದ್ದವರು ನನ್ನನ್ನು ಕಂಡವರೇ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಒಂದು ಹಾಳೆ ತೆಗೆದರು.

“ನೋಡಮ್ಮ, ನಿಮ್ ದೊಡ್ಡಮ್ಮಂಗೆ ಬಂದಿರೋ ಸರ್ಟಿಫಿಕೇಟು. ಊರೋರ್ ತೊಟ್ಟಿಗೆಲ್ಲ ಮೂಗು ಹಾಕ್ತಿದ್ಲು, ಈಗ ಮನೆ ತೊಟ್ಟಿನೇ ಹುಳಿ ಮಾಡ್ಕೊಂಡು ಕೂತವ್ಳೆ.”

ದೊಡ್ಡಪ್ಪನಿಗೆ ಹೆಂಡತಿಯನ್ನು ಕಿಚಾಯಿಸುವುದು ಹಳೆಯ ಅಭ್ಯಾಸ. ದೊಡ್ಡಮ್ಮ ಒಂದಕ್ಕೆ ಎರಡು ಹೇಳಿ ಬಾಯಿ ಮುಚ್ಚಿಸುವುದೂ ಅಷ್ಟೇ ಹಳೆಯದು. ಆವತ್ತು ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ ತಲೆ ಬಗ್ಗಿಸಿಕೊಂಡೇ ಇದ್ದಳು.

ಹಾಳೆಯಲ್ಲಿ ನನ್ನ ಕೈಬರಹವಿತ್ತು. ಲಾಟ್ ನಂಬರಿನ ಕೆಳಗೆ ನನ್ನ ಮೂರು ವಾಕ್ಯಗಳು. ಅವರು ಈ ಸಲ ನಮ್ಮ ವರ್ಕ್ಸಿಗೆ ಕಾಫಿ ಕೊಟ್ಟಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ.

“ಹೇಳ್ಬೇಕು ಅಂತ ನಾನೇ ಅಂದೆ. ಇವ್ಳು ಬೇಡ ಅಂದ್ಲು,” ಎಂದರು ದೊಡ್ಡಪ್ಪ. “ಗೊತ್ತಾದ್ರೆ ನಮ್ ಹುಡುಗಿಗೆ ಕಷ್ಟ ಆಯ್ತದೆ, ನ್ಯಾಯವಾಗಿ ನೋಡ್ಲಿ ಅಂತ.”

ನಾನು ದೊಡ್ಡಮ್ಮನ ಹತ್ತಿರ ಹೋಗಿ ಕೂತೆ. ಅವಳು ನನ್ನ ಮುಖ ನೋಡದೆ ಮಾತಾಡಿದಳು.

“ನೋಡಿದ್ ತಕ್ಷಣ ಗೊತ್ತಾಯ್ತು ಕಣ್ಮಗ, ನಿನ್ನ ಅಕ್ಷರ ಅಂತ. ಬೇರೆ ಯಾರಾದ್ರೂ ಬರ್ದಿದ್ರೆ ಅಲ್ಲೇ ಬಂದು ಜಗಳ ಆಡ್ಬುಡ್ತಿದ್ದೆ. ನೀನು ಬರ್ದಿದೀಯ ಅಂದ್ರೆ ಐತೆ ಅಂತಲೇ ಅರ್ಥ. ಆ ಕಾಫಿ ತೊಳಿಯೋ ದಿನ ಬೆಳಿಗ್ಗೆ ಕಣದಾಗೆ ಆನೆ ನಿಂತಿದ್ವು. ಅವು ಹೋಗೋ ತನ್ಕ ಬಾಗ್ಲು ತೆಗಿಯೋಕಾಗ್ಲಿಲ್ಲ, ಅರ್ಧ ಗಂಟೆ ತಡ ಆಯ್ತು. ಕೈ ಹಾಕ್ ನೋಡ್ದಾಗ ಸರಿಯಾಗೇ ಐತೆ ಅನ್ನಿಸ್ತು. ಇಲ್ಲ ಅಂತ ಈಗ ಗೊತ್ತಾಯ್ತಲ್ಲ.”

ಅಲ್ಲೇ ಹೇಳಿಬಿಡಬಹುದಿತ್ತು. ಆವತ್ತು ನನಗೆ ಸುಸ್ತಾಗಿತ್ತು ದೊಡ್ಡಮ್ಮ, ನನಗೇ ಸರಿಯಾಗಿ ಗೊತ್ತಾಗಲಿಲ್ಲ ಅಂತ. ಹೇಳಲಿಲ್ಲ. ನಿಜವಾಗಿಯೂ ಹುಳಿ ಇತ್ತೇನೋ ಎಂದು ಒಳಗೊಳಗೇ ವಾದ ಮಾಡಿಕೊಂಡೆ. ಹದಿನಾಲ್ಕು ವರ್ಷ ಬಾಯಿ ಕಟ್ಟಿದವಳ ನಾಲಿಗೆ ತಪ್ಪುತ್ತದೆಯೇ ಎಂಬ ಜಂಬ ಒಂದು ಕಡೆ, ತಪ್ಪಿದ್ದರೆ ಎಂಬ ಭಯ ಇನ್ನೊಂದು ಕಡೆ. ಅವಳು ನನಗೆಂದೇ ಬೆಳ್ಳುಳ್ಳಿ ಹಾಕದೆ ಮಾಡಿದ ಸಾರಿನಲ್ಲಿ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ.

ವರ್ಕ್ಸಿನಲ್ಲಿ ಪ್ರತಿ ಲಾಟಿನಿಂದ ಒಂದು ಡಬ್ಬಿ ಸ್ಯಾಂಪಲನ್ನು ತೆಗೆದು ಇಟ್ಟಿರುತ್ತಾರೆ. ಸೋಮವಾರ ಆ ನಂಬರಿನ ಡಬ್ಬಿ ಹುಡುಕಿ ತೆಗೆದು ಹುರಿದೆ. ಮಂಗಳವಾರ ಬೆಳಿಗ್ಗೆ, ಬೇರೆ ಯಾವುದನ್ನೂ ಮುಟ್ಟುವ ಮೊದಲು, ಅದನ್ನೊಂದೇ ಮೇಜಿನ ಮೇಲೆ ಐದು ಲೋಟಗಳಿಗೆ ಹಾಕಿದೆ. ನಾಲ್ಕು ನಿಮಿಷ ಕಾದು ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದಲ್ಲಿ ಸರಿಸಿದೆ. ಮೂಗಿಗೆ ಬೆಲ್ಲ ಬಂತು. ಬಾಯಿಗಿಟ್ಟರೆ ಕಿತ್ತಳೆ ತೊಳೆ, ಹಿಂದಿನಿಂದ ಸಣ್ಣ ಸಿಹಿ. ಐದೂ ಲೋಟ ಒಂದೇ ಸಮ. ಒಂದು ಬೀಜವೂ ಹೊತ್ತು ಮೀರಿರಲಿಲ್ಲ. ಬಾಗಿಲ ಆಚೆ ಆನೆ ನಿಂತಿದ್ದ ಬೆಳಿಗ್ಗೆಯೂ ದೊಡ್ಡಮ್ಮ ಸರಿಯಾದ ಗಳಿಗೆಗೇ ತೊಳೆದಿದ್ದಳು. ಆ ವರ್ಷ ನಾನು ರುಚಿ ನೋಡಿದ ಸಣ್ಣ ಬೆಳೆಗಾರರ ಕಾಫಿಯಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ.

ಆ ಕಾಫಿಯನ್ನು ನಾನು ಉಗಿಯಲಿಲ್ಲ. ಐದು ಲೋಟವನ್ನೂ ನಿಂತಲ್ಲೇ ಕುಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಎಷ್ಟು ಬಿಟ್ಟಿದ್ದೆ ನಾನು, ಹೂವು, ಹೋಳಿಗೆ, ಜನ. ಎಲ್ಲ ಯಾಕೆ? ಸರಿಯಾಗಿ ಹೇಳಬೇಕು ಅಂತ. ಹೇಳಬೇಕಾದ ಒಂದು ಸಲವೇ ತಪ್ಪು ಹೇಳಿದ್ದೆ. ಬಿಟ್ಟುಬಿಟ್ಟು ನನ್ನಲ್ಲಿ ಶಕ್ತಿ ಕೂಡಿದೆ ಅಂದುಕೊಂಡಿದ್ದೆನಲ್ಲ, ದಿನಾ ಬೆಳಗಿನಿಂದ ಬೇಡ ಬೇಡ ಅನ್ನುವುದರಲ್ಲೇ ಅದು ಖರ್ಚಾಗಿ, ಬೇಕಾದ ಹೊತ್ತಿಗೆ ಏನೂ ಉಳಿದಿರುತ್ತಿರಲಿಲ್ಲ.

ಮ್ಯಾನೇಜರಿಗೆ ಹೋಗಿ ಹೇಳಿದೆ. ಅವರು ಕೆಟ್ಟವರೇನಲ್ಲ. ಪೂರ್ತಿ ಕೇಳಿಸಿಕೊಂಡರು.

“ಆ ಲಾಟು ಆಗಲೇ ರಾಶಿಗೆ ಸೇರಿ ಮಿಕ್ಸ್ ಆಗಿಹೋಯ್ತಲ್ಲ ಮೇಡಂ. ಈಗ ತಿದ್ದಿ ಕೊಟ್ರೆ ನಾಳೆ ಎಲ್ಲರೂ ಹಾಳೆ ಹಿಡ್ಕೊಂಡು ಬರ್ತಾರೆ. ಮುಂದಿನ ವರ್ಷ ನೋಡೋಣ ಬಿಡಿ.”

ಇನ್ನು ಉಳಿದದ್ದು ದೊಡ್ಡಮ್ಮನಿಗೆ ಹೇಳುವುದು. ಅದೊಂದೇ ನನ್ನ ಕೈಯಲ್ಲಿತ್ತು. ದಿನಾ ಬೆಳಿಗ್ಗೆ ಎದ್ದಾಗ ಇವತ್ತು ಸಂಜೆ ಹೇಳುತ್ತೇನೆ ಎಂದು ಗಟ್ಟಿಯಾಗಿ ತೀರ್ಮಾನ ಮಾಡುತ್ತಿದ್ದೆ. ಸಂಜೆ ಅವಳ ಫೋನು ಬಂದಾಗ ನನ್ನ ಬಾಯಲ್ಲಿ ಹೂಂ ಬಿಟ್ಟು ಬೇರೆ ಏನೂ ಇರುತ್ತಿರಲಿಲ್ಲ. ನಾಳೆ ಬೆಳಿಗ್ಗೆ ನಾನೇ ಮಾಡುತ್ತೇನೆ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು ಈ ಮಾತೆಲ್ಲ ಆಡಿದರೆ ದಿನ ಕೆಡುತ್ತದೆ ಅನ್ನಿಸುತ್ತಿತ್ತು. ಹೀಗೇ ಹೂಮಳೆ ಬಂತು, ಗುಡ್ಡವೆಲ್ಲ ಬೆಳ್ಳಗೆ ಕಾಫಿ ಹೂವಾಯಿತು, ಉದುರಿತು. ಅಷ್ಟರಲ್ಲಿ ದೊಡ್ಡಮ್ಮ ಫೋನು ಮಾಡುವುದು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಂದಾಯಿತು. ನನಗೆ ಸುಸ್ತಾಗಿರುತ್ತದೆಂದು ಅವಳೇ ಬಿಟ್ಟಿರಬೇಕು. ಆ ಮೌನದ ಸಂಜೆಗಳಲ್ಲಿ ಕಿಟಕಿ ಹತ್ತಿರ ಕೂತು ನಾನು ಎಷ್ಟು ಒಂಟಿಯಾದೆನೆಂದು ಬರೆದರೆ ಓದುವವರಿಗೆ ಉತ್ಪ್ರೇಕ್ಷೆ ಅನ್ನಿಸಬಹುದು. ಮಾತಾಡಲು ಇದ್ದದ್ದು ಒಬ್ಬಳು, ಅವಳಿಗೆ ಆಡಬೇಕಾದ ಒಂದು ಮಾತು ಬಾಕಿ, ಅದೊಂದಕ್ಕಾಗಿ ಉಳಿದ ಮಾತೆಲ್ಲ ನಿಂತುಹೋಗಿತ್ತು.

ಮೇ ತಿಂಗಳಲ್ಲಿ ಎರಡು ದಿನ ರಜೆ ಹಾಕಿದೆ. ರಜೆಯ ಮೊದಲ ದಿನ ಏನೂ ಮಾಡದೆ ನಿದ್ದೆ ಮಾಡಿದೆ. ಎರಡನೆಯ ದಿನ ಬೆಳಗಿನ ಮೊದಲ ಬಸ್ಸಿಗೆ, ಬೇರೆ ಯಾರೊಂದಿಗೂ ಮಾತಾಡುವ ಮೊದಲು, ಹೆಗ್ಗದ್ದೆಗೆ ಹೊರಟೆ. ಡಬ್ಬಿಯಲ್ಲಿ ಉಳಿದಿದ್ದ ಅವಳ ಕಾಫಿಯನ್ನು ಹುರಿದು, ಪುಡಿ ಮಾಡಿ ಚೀಲದಲ್ಲಿಟ್ಟುಕೊಂಡಿದ್ದೆ. ನಾನು ಹೇಳಿದ್ದನ್ನು ಅವಳು ನಂಬದಿದ್ದರೂ ಅವಳ ಬಾಯಿಯನ್ನು ಅವಳು ನಂಬುತ್ತಾಳೆ ಎಂದು ನನ್ನ ಲೆಕ್ಕ.

ದೊಡ್ಡಪ್ಪ ತೋಟಕ್ಕೆ ಹೋಗಿದ್ದರು. ಕಣದ ಪಕ್ಕ ಪಲ್ಪರು ಇದ್ದ ಜಾಗ ಖಾಲಿಯಾಗಿತ್ತು. ತೊಟ್ಟಿಯಲ್ಲಿ ಸೌದೆ ಪೇರಿಸಿದ್ದರು.

“ಪಲ್ಪರು ಎಲ್ಲಿ ದೊಡ್ಡಮ್ಮ?”

“ಕೆಳಗಿನ್ ಮನೆಯೋರ್ಗೆ ಕೊಟ್ಬುಟ್ವಿ. ಇನ್ಮೇಲೆ ಹಣ್ಣು ಕುಯ್ದು ಹಂಗೇ ಒಣಗ್ಸದು, ಚೆರಿ ಮಾಡಿ ಕೊಡದು. ಅದಕ್ಕೆ ಮೂಗು ಬ್ಯಾಡ, ಬಿಸ್ಲು ಇದ್ರೆ ಸಾಕು.” ಅವಳು ನಕ್ಕಳು. “ಅವ್ರು ತೊಟ್ಟಿ ನೋಡೋಕೆ ಬಾ ಅಂತ ಕರೆದ್ರು. ನಾನು ಹೋಗಲ್ಲ ಅಂದೆ. ಯಾಕವ್ವ, ಇನ್ನೊಬ್ಬರ್ ಕಾಫಿನೂ ಕೆಡ್ಸೋಕೆ?”

ಒಲೆಯ ಮುಂದೆ ಕೂರಿಸಿಕೊಂಡು ಎಲ್ಲ ಹೇಳಿದೆ. ಬೆಳಿಗ್ಗೆ ಬೈಸಿಕೊಂಡದ್ದು, ಹೋಳಿಗೆ, ನಾಲ್ಕನೆಯ ಮೇಜು, ಅವಳದ್ದಕ್ಕಿಂತ ಮೊದಲು ಬಂದ ಕೆಟ್ಟ ಸ್ಯಾಂಪಲು, ಮೂರು ಲೋಟಕ್ಕೇ ಗೀಟು ಹಾಕಿದ್ದು, ಆಮೇಲೆ ಮತ್ತೆ ರುಚಿ ನೋಡಿದ್ದು, ತಿಂಗಳುಗಟ್ಟಲೆ ಹೇಳದೆ ಉಳಿದದ್ದು. ತಪ್ಪು ನನ್ನದು, ನಿನ್ನ ಕಾಫಿ ಬಂಗಾರದಂಥದ್ದು ಎಂದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಾ ಕೇಳಿದಳು. ಮಧ್ಯೆ ಒಂದೇ ಪ್ರಶ್ನೆ ಕೇಳಿದಳು: “ಆವತ್ತು ಮಧ್ಯಾಹ್ನ ಊಟ ಮಾಡಿರ್ಲಿಲ್ವಾ ನೀನು?”

ನೀರು ಕಾಯಿಸಿ, ಪುಡಿ ಹಾಕಿ, ನಾಲ್ಕು ನಿಮಿಷ ಬಿಟ್ಟು, ಹಾಲಿಲ್ಲದೆ ಬೆಲ್ಲವಿಲ್ಲದೆ ಒಂದು ಲೋಟ ಅವಳ ಕೈಗೆ ಕೊಟ್ಟೆ. ದೊಡ್ಡಮ್ಮ ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ಆಮೇಲೆ ಒಂದು ಗುಟುಕು ಕುಡಿದಳು. ಬಾಯಲ್ಲಿ ಆಡಿಸಿ ನುಂಗಿದಳು. ಇನ್ನೊಂದು ಗುಟುಕು.

“ಐತೆ ಕಣ್ಮಗ,” ಎಂದಳು.

“ಏನು?”

“ಹುಳಿ. ಸಣ್ಣಕೈತೆ, ನಾಲ್ಗೆ ಪಕ್ಕದಾಗೆ. ನಂಗೆ ಆವಾಗ ಗೊತ್ತಾಗಿರ್ಲಿಲ್ಲ. ನೀನು ಬರೆದ್ಮೇಲೆ ಗೊತ್ತಾಗ್ತದೆ ನೋಡು.”

“ಅದು ಕೆಟ್ಟ ಹುಳಿ ಅಲ್ಲ ದೊಡ್ಡಮ್ಮ, ಒಳ್ಳೇ ಕಾಫಿಲಿ ಇರಲೇಬೇಕಾದ್ದು. ನೀನೇ ಅಲ್ವಾ ನಂಗೆ ಹೇಳಿಕೊಟ್ಟಿದ್ದು? ಇನ್ನೊಂದು ಸಲ ನೋಡು.”

ನನ್ನ ದನಿ ಏರಿತ್ತು. ಅವಳು ಲೋಟವನ್ನು ಕೆಳಗಿಟ್ಟು ನನ್ನ ಕೆನ್ನೆ ಮುಟ್ಟಿದಳು. ಅವಳ ಕಣ್ಣಲ್ಲಿ ಸಿಟ್ಟಾಗಲೀ ನೋವಾಗಲೀ ಇರಲಿಲ್ಲ. ನನ್ನ ಬಗ್ಗೆ ಕನಿಕರವಿತ್ತು. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ನನ್ ಸಮಾಧಾನಕ್ಕೆ ಇಷ್ಟು ದೂರ ಬಂದು ಸುಳ್ಳು ಹೇಳ್ತೀಯಲ್ಲವ್ವ. ಹಂಗೆಲ್ಲ ಹೇಳ್ಬಾರ್ದು. ನಿನ್ ನಾಲ್ಗೆ ತಪ್ಪು ಅಂತ ನೀನೇ ಹೇಳ್ಕೊಂಡು ತಿರುಗಿದ್ರೆ, ನಾಳೆ ನಿನ್ನ ಯಾರು ಕೆಲ್ಸದಾಗೆ ಇಟ್ಕೊತಾರೆ? ನಂಗೇನು, ವಯಸ್ಸಾಯ್ತು. ಮೂಗು ಹೋದ್ರೂ ನಡೀತದೆ.”

ಇಲ್ಲ ಎಂದೆ. ಆಣೆ ಮಾಡಿದೆ. ಅವಳು ಹೂಂ, ಹೂಂ ಎಂದು ತಲೆಯಾಡಿಸಿದಳು, ನಾನು ಸಂಜೆಯ ಫೋನಿನಲ್ಲಿ ಅನ್ನುತ್ತಿದ್ದ ಹಾಗೆಯೇ. ಆಮೇಲೆ ಎದ್ದು ಲೋಟದಲ್ಲಿ ಉಳಿದ ಕಾಫಿಯನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಚೆಲ್ಲಿ ಬಂದಳು.